ಮರಳಿ ಬಂದವರನ್ನು ಬರಮಾಡಿಕೊಂಡ ದೊಡ್ಡಸ್ವಾಮಿಯವರು

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲಿನಲ್ಲಿ ನಂಜನಗೂಡು ದಾಟಿದ ಮೇಲೆ ಕವಲಂದೆ ಎಂಬ ಸಣ್ಣ ನಿಲ್ದಾಣವಿದೆ. ಬ್ಯಾಂಕ್, ಶಾಲೆ ಅಥವಾ ನಂಜನಗೂಡಿನ ಕಾರ್ಖಾನೆಗಳ ಕೆಲಸಕ್ಕೆಂದು ನಮ್ಮ ಕರಾವಳಿಯ ಮಕ್ಕಳು ಇಂಥ ಊರುಗಳಿಗೆ ಹೋಗಿ ನೆಲೆಸುತ್ತಾರೆ. ಮೊದಲ ವರ್ಷ ಭಾನುವಾರದ ಬಲಿಪೂಜೆ ತಪ್ಪುವುದಿಲ್ಲ. ಆಮೇಲೆ ದೂರ, ಪಾಳಿ ಕೆಲಸ, ಆಯಾಸ. ಕೆಲವು ವರ್ಷ ಕಳೆದ ಮೇಲೆ "ಇಷ್ಟು ದಿನ ಬಿಟ್ಟವನು ಈಗ ಯಾವ ಮುಖ ಹೊತ್ತು ಹೋಗಲಿ?" ಎಂಬ ಸಂಕೋಚವೇ ದೂರಕ್ಕಿಂತ ದೊಡ್ಡದಾಗುತ್ತದೆ. ಇಂಥವರನ್ನು ಮತ್ತೆ ದೇವರ ಬಳಿಗೆ ಕರೆತರುವ ಬಗೆ ಯಾವುದು ಎಂದು ಯೋಚಿಸುವಾಗ ನಮಗೆ ಇದೇ ಮೈಸೂರು ಸೀಮೆಯಲ್ಲಿ ಇನ್ನೂರು ವರ್ಷಗಳ ಹಿಂದೆ ದುಡಿದ ಗುರುವೊಬ್ಬರ ನೆನಪಾಗುತ್ತದೆ.

ಅವರೇ ಅಬ್ಬೆ ದುಬಾಯ್. ಪ್ಯಾರಿಸ್ ವಿದೇಶಿ ಮಿಶನ್ ಸಂಸ್ಥೆಯ ಫ್ರೆಂಚ್ ಗುರುಗಳು. 1792ರಲ್ಲಿ ಭಾರತಕ್ಕೆ ಹೊರಟು ಬಂದವರು 1823ರವರೆಗೂ ಇಲ್ಲೇ ಇದ್ದರು. ಹಳ್ಳಿಯವರಂತೆ ಉಡುಪು ತೊಟ್ಟು, ಅವರ ಊಟವನ್ನೇ ಉಂಡು, ಜನರಿಂದ 'ದೊಡ್ಡಸ್ವಾಮಿಯವರು' ಎಂದು ಕರೆಸಿಕೊಂಡರು. ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವರು ಬರೆದ ಪ್ರಸಿದ್ಧ ಗ್ರಂಥದಲ್ಲಿ ನಂಜನಗೂಡಿನ ದೇವಾಲಯವೂ ತಿ. ನರಸೀಪುರ ಬಳಿಯ ಮೂಗೂರಿನ ಜಾತ್ರೆಯೂ ಬರುತ್ತವೆ. (ಅಲ್ಲಿ ಅವರ ಮಾತು ಬಹಳ ಕಟುವಾಗಿದೆ. ನೆರೆಯವರ ಧರ್ಮದ ಬಗ್ಗೆ ಇಂದು ನಾವು ಹಾಗೆ ಬರೆಯಲಾರೆವು, ಬರೆಯಲೂಬಾರದು.)

1784ರ ವಿಭೂತಿ ಬುಧವಾರದ ಕಥೆಯನ್ನು ಕರಾವಳಿಯ ಕಥೋಲಿಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಟಿಪ್ಪು ಸುಲ್ತಾನನ ಆಜ್ಞೆಯಂತೆ ನಮ್ಮ ಪೂರ್ವಜರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಅವರ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. ದುಬಾಯ್ ಅವರು 60,000 ಎಂದು ಬರೆದಿದ್ದಾರೆ. ಹಲವರು ದಾರಿಯಲ್ಲೂ ಸೆರೆಯಲ್ಲೂ ಸತ್ತರು, ಹಲವರನ್ನು ಬಲವಂತದಿಂದ ಮತಾಂತರಿಸಲಾಯಿತು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯ ಬಾಗಿಲು ತೆರೆಯಿತು. ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ಅಲ್ಲಿಗೆ ಬಂದವರು ದುಬಾಯ್.

ಹೊರಗೆ ಮಾತ್ರ ಬಿಟ್ಟಿದ್ದೆವು, ಹೃದಯದಲ್ಲಿ ಕ್ರಿಸ್ತನನ್ನು ಬಿಟ್ಟಿರಲಿಲ್ಲ ಎಂದು ಹೇಳುತ್ತಾ ಜನ ಅವರ ಬಳಿಗೆ ಬಂದರು. ಹೀಗೆ ತಮ್ಮ ಬಳಿಗೆ ಬಂದವರು ಸುಮಾರು 2,000 ಮಂದಿ, ಮಂಗಳೂರು ಕಡೆಗೆ ಮರಳಿದವರು ಸುಮಾರು 20,000 ಎಂದು ಅವರು ದಾಖಲಿಸಿದ್ದಾರೆ.

ಇಲ್ಲಿ ನಾವು ಸ್ವಲ್ಪ ನಿಂತು ನೋಡಬೇಕು. ಇಷ್ಟು ಸಾವಿರ ಜನರಲ್ಲಿ ಒಬ್ಬನಿಗೂ ರಕ್ತಸಾಕ್ಷಿಯಾಗುವ ಧೈರ್ಯ ಬರಲಿಲ್ಲವಲ್ಲ ಎಂದು ಇದೇ ದುಬಾಯ್ ಮುಂದೆ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ನೊಂದು ಬರೆದರು. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರು ಹೇಳುವ ಕಥೆ ಹೀಗಿಲ್ಲ. ಅವರ ಮಾತು ಅತಿಯಾಯಿತೆಂದೇ ನಮಗನ್ನಿಸುತ್ತದೆ. ಫ್ರಾನ್ಸಿನ ಕ್ರಾಂತಿಯ ಭಯಾನಕತೆಯಿಂದ ತಾನೂ ಓಡಿ ಬಂದವನೇ, ಅಲ್ಲೇ ಉಳಿದಿದ್ದರೆ ಬಹುಶಃ ತನ್ನ ಗೆಳೆಯರಂತೆ ಬಲಿಯಾಗುತ್ತಿದ್ದೆ ಎಂದು ಅವರೇ ಒಪ್ಪಿಕೊಂಡಿದ್ದರು! ಆದರೂ ಒಂದು ಮಾತು ನಿಜ. ಮನಸ್ಸಿನಲ್ಲಿ ಇಷ್ಟು ಬೇಸರವಿದ್ದ ಗುರು, ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳುಹಿಸಲಿಲ್ಲ. ನಾವು ಕರಾವಳಿಯವರು ರಕ್ತಸಾಕ್ಷಿಗಳ ಸಂತತಿ ಎಂದು ಹೆಮ್ಮೆಪಡುತ್ತೇವೆ. ಆದರೆ ಹೆದರಿ ಬಾಗಿ, ಅತ್ತು ಮರಳಿ, ಧರ್ಮಸಭೆ ಬರಮಾಡಿಕೊಂಡವರ ಸಂತತಿಯೂ ನಾವೇ.

ಧರ್ಮಸಭೆಗೆ ಇದು ಹೊಸ ಪ್ರಶ್ನೆಯಾಗಿರಲಿಲ್ಲ. 250ರಲ್ಲಿ ರೋಮ್ ಚಕ್ರವರ್ತಿ ಡೇಸಿಯಸನ ಹಿಂಸೆಗೆ ಹೆದರಿ ವಿಶ್ವಾಸ ನಿರಾಕರಿಸಿದವರನ್ನು ಮತ್ತೆ ಸೇರಿಸಿಕೊಳ್ಳಬಹುದೇ ಎಂಬ ವಾದ ಎದ್ದಿತ್ತು. ಎಂದಿಗೂ ಬೇಡವೆಂದ ನೊವೇಷಿಯನ್ ಧರ್ಮಸಭೆಯಿಂದ ಹೊರಗಾದನು. ಪ್ರಾಯಶ್ಚಿತ್ತದ ದಾರಿ ತೆರೆದಿರಲಿ ಎಂದ ಕಾರ್ಥೇಜಿನ ಬಿಷಪ್ ಸಂತ ಸಿಪ್ರಿಯನ್ ಅವರ ಪಕ್ಷ ಉಳಿಯಿತು. ದೀಕ್ಷಾಸ್ನಾನ ಪಡೆದವನು ಎಷ್ಟು ದೂರ ಹೋದರೂ ಮರಳುವಾಗ ಮತ್ತೊಮ್ಮೆ ದೀಕ್ಷಾಸ್ನಾನ ಕೊಡುವುದಿಲ್ಲ, ಮೊದಲಿನದು ಅಳಿಯುವುದಿಲ್ಲ. ಪಾಪನಿವೇದನೆಯೇ ಅವನ ಬಾಗಿಲು. ವಿವಾಹದ ತೊಡಕಿದ್ದರೆ ಧರ್ಮಕೇಂದ್ರದ ಗುರುಗಳೊಡನೆ ಮಾತನಾಡಬೇಕು. ಎಷ್ಟೋ ಪ್ರಸಂಗಗಳಿಗೆ ಪರಿಹಾರವಿರುತ್ತದೆ, ಕೇಳಲು ಹೆದರುವುದರಿಂದಲೇ ವರ್ಷಗಳು ಹಾಳಾಗುತ್ತವೆ.

ದುಬಾಯ್ ಅವರು ಪಾಪಕ್ಷಮೆ ನೀಡಿ ಕೈತೊಳೆದುಕೊಳ್ಳಲಿಲ್ಲ. ಮರಳಿ ಬಂದವರಿಗೆ ಮನೆ ಇರಲಿಲ್ಲ, ಹೊಲ ಇರಲಿಲ್ಲ. ನಿರ್ಗತಿಕ ಕ್ರೈಸ್ತರಿಗಾಗಿ ಹಾಸನದ ಬಳಿ ಸಾತಹಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಸಿಡುಬು ಊರೂರನ್ನೇ ನುಂಗುತ್ತಿದ್ದ ಕಾಲದಲ್ಲಿ ಲಸಿಕೆ ಹಾಕಿಸುವ ಕೆಲಸಕ್ಕೆ ಇಳಿದರು. 1803-04ರಲ್ಲಿ ಅವರ ಪ್ರಯತ್ನದಿಂದ ಲಸಿಕೆ ಪಡೆದವರು 25,000ಕ್ಕೂ ಹೆಚ್ಚು.

ನಮ್ಮ ವಾರ್ಡುಗಳ ಗುರ್ಕಾರರು, ಪಾಲನಾ ಮಂಡಳಿಯ ಸದಸ್ಯರು, ಧರ್ಮಭಗಿನಿಯರು ಮನೆ ಭೇಟಿಗೆ ಹೋಗುವಾಗ ಇದನ್ನು ನೆನಪಿನಲ್ಲಿಡಲಿ. "ಎಷ್ಟು ವರ್ಷವಾಯಿತು ಚರ್ಚಿಗೆ ಬರದೆ?" ಎಂಬುದು ಮೊದಲ ಪ್ರಶ್ನೆಯಾಗಬಾರದು. ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾರಿಗೆ ಕೆಲಸ ಹೋಗಿದೆ, ಮಕ್ಕಳ ಫೀಸು ಕಟ್ಟಿದೆಯೇ ಎಂದು ಕೇಳೋಣ. ಲೂಕನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಮಗನು ಸಿದ್ಧಪಡಿಸಿಕೊಂಡು ಬಂದ ಮಾತು ಮುಗಿಯುವ ಮೊದಲೇ ತಂದೆ ಬಟ್ಟೆ, ಉಂಗುರ ತರಿಸುತ್ತಾನೆ. ದೇವಾಲಯದ ಮೆಟ್ಟಿಲಲ್ಲಿ ನಿಂತು "ಓಹೋ, ಇವತ್ತು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದನೋ!" ಎನ್ನುವ ನಮ್ಮ ಹಾಸ್ಯದಿಂದ ಮುಂದಿನ ಭಾನುವಾರ ಬಾರದೆ ಹೋದವರು ಎಷ್ಟಿಲ್ಲ?

ಕವಲಂದೆ, ನಂಜನಗೂಡು ಕಡೆಗೆ ಕೆಲಸಕ್ಕೆ ಹೊರಟವರು ನಿಮ್ಮ ವಾರ್ಡಿನಲ್ಲಿದ್ದರೆ ಗುರ್ಕಾರರು ಅವರ ಹೊಸ ವಿಳಾಸವನ್ನು ಧರ್ಮಕೇಂದ್ರದ ಗುರುಗಳಿಗೆ ತಿಳಿಸಲಿ. ಆ ಪ್ರದೇಶ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು, ಅಲ್ಲಿನ ಗುರುಗಳಿಗೆ ಒಂದು ಪತ್ರ ಬರೆಯುವುದು ಕಷ್ಟವಲ್ಲ. ಹೊರಡುವವರು ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ಈಗಲೇ ಪಡೆದುಕೊಳ್ಳಲಿ. ಈಗಾಗಲೇ ಹೋಗಿ ಮೌನವಾದವರಿಗೆ ಊರ ಹಬ್ಬದ ಆಮಂತ್ರಣವನ್ನು ವಾಟ್ಸಾಪ್‌ನಲ್ಲಿ ತಳ್ಳಿ ಸುಮ್ಮನಾಗದೆ ಯಾರಾದರೂ ಫೋನ್ ಮಾಡಿ ಮಾತನಾಡಿಸಲಿ.