ನಮ್ಮ ಪಟ್ಟಣವೂ ಕಿರುತೆರೆಯ ಪಟ್ಟಣವೂ

ಕಾವೇರಿಯು ಎರಡು ಕವಲಾಗಿ ಒಡೆದು ಮತ್ತೆ ಕೂಡುವೆಡೆಯ ದ್ವೀಪದಲ್ಲಿ ಶ್ರೀರಂಗಪಟ್ಟಣವಿರುವುದು. ಅದು ನನ್ನ ಹುಟ್ಟೂರು. ಸುತ್ತಣ ಹಳ್ಳಿಯವರಿಗೆ ಅದು ಬರಿಯ ‘ಪಟ್ಟಣ’. 1990ರಲ್ಲಿ ದೂರದರ್ಶನವು ‘ದಿ ಸೋರ್ಡ್ ಆಫ್ ಟಿಪ್ಪು ಸುಲ್ತಾನ್’ ಎಂಬ ಹಿಂದೀ ಧಾರಾವಾಹಿಯನ್ನು ಪ್ರಸಾರಮಾಡತೊಡಗಿದಾಗ ನಾನು ತರುಣ ಉಪಾಧ್ಯಾಯ. ಟೆಲಿವಿಷನ್ ಇದ್ದ ಮನೆಯ ನಡುಮನೆಯಲ್ಲಿ ಬೀದಿಗೆ ಬೀದಿಯೇ ನೆರೆಯುತ್ತಿತ್ತು. ನಮ್ಮ ಊರನ್ನು ದೇಶವೆಲ್ಲ ನೋಡುವುದೆಂಬ ಹಿಗ್ಗಿನಿಂದ ನಾನೂ ಒಂದು ಮೂಲೆಯಲ್ಲಿ ಕುಳಿತೆನು.

ಹಿಗ್ಗಿನೊಡನೆ ದುಃಖವೂ ಇದ್ದಿತು. ಅದರ ಚಿತ್ರೀಕರಣದ ಕಾಲದಲ್ಲಿ, 1989ರ ಫೆಬ್ರವರಿ 8ರಂದು, ಸಮೀಪದ ಮೈಸೂರಿನ ಸ್ಟುಡಿಯೋ ಒಂದರಲ್ಲಿ ಬೆಂಕಿ ಬಿದ್ದು 62 ಮಂದಿ ಮಡಿದಿದ್ದರು. ಇಷ್ಟು ಜೀವಗಳನ್ನು ತೆತ್ತ ಕೃತಿಯನ್ನು ಹಗುರವಾಗಿ ಹಳಿಯುವುದು ಯಾರಿಗೂ ಒಪ್ಪತಕ್ಕುದಲ್ಲ.

ಆದರೂ ವಾರಗಳು ಕಳೆದಂತೆ ನನಗೆ ನಿರಾಶೆಯೇ ಆಯಿತು. ಚರಿತ್ರೆಯ ತಪ್ಪುಗಳು ಅದಕ್ಕೆ ಮುಖ್ಯ ಕಾರಣವಲ್ಲ. ನಾಟಕದ ಇತಿವೃತ್ತವು ಪ್ರಖ್ಯಾತ, ಉತ್ಪಾದ್ಯ, ಮಿಶ್ರವೆಂದು ಮೂರು ಬಗೆಯೆಂಬುದನ್ನು ಪಾಠಶಾಲೆಯಲ್ಲಿಯೇ ಓದಿದ್ದೆವಷ್ಟೆ. ಈ ಧಾರಾವಾಹಿಯಾದರೋ ಭಗವಾನ್ ಗಿಡ್ವಾನಿಯವರ 1976ರ ಕಾದಂಬರಿಯನ್ನು ಅನುಸರಿಸಿದುದು. ವಿವಾದವು ನ್ಯಾಯಾಲಯವನ್ನು ಮುಟ್ಟಿ, ಇದು ಕಲ್ಪಿತವೆಂಬ ಘೋಷಣೆಯೊಡನೆ ಪ್ರಸಾರವಾದುದು. ಕಲ್ಪನೆಯೆಂದು ತಾನೇ ಹೇಳಿಕೊಳ್ಳುವುದನ್ನು ಸತ್ಯವಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ನನ್ನ ನಿರಾಶೆಯ ಕಾರಣವು ಬೇರೆ: ಅರಮನೆಯೂ ಆಸ್ಥಾನವೂ ರಣರಂಗವೂ ಕಂಡುವು, ಊರು ಮಾತ್ರ ಕಾಣಲಿಲ್ಲ.

ಮೊದಲನೆಯದಾಗಿ, ಹೊಳೆಯೇ ಕಾಣಲಿಲ್ಲವೆನ್ನಬೇಕು. ಪಟ್ಟಣದ ಚರಿತ್ರೆಯನ್ನು ಬರೆದವಳು ಕಾವೇರಿ. 1791ರಲ್ಲಿ ಕಾರ್ನ್‌ವಾಲಿಸನು ಕೋಟೆಯ ಸಮೀಪಕ್ಕೆ ಬಂದೂ ಮಳೆಗೂ ಮೇವಿನ ಕೊರತೆಗೂ ಸಿಕ್ಕಿ ಹಿಂದೆಗೆದನು. 1799ರಲ್ಲಿ ಮುಂಗಾರಿನ ನೀರು ಏರುವುದಕ್ಕೆ ಮೊದಲೇ ಕೋಟೆಯನ್ನು ಹಿಡಿಯಬೇಕೆಂಬುದೇ ಜನರಲ್ ಹ್ಯಾರಿಸನ ಆತುರವಾಗಿದ್ದಿತು. ಮೇ 4ರ ನಡುಹಗಲಿನಲ್ಲಿ ಅವನ ಸೈನಿಕರು ದಾಟಿದುದು ಬೇಸಗೆಯಲ್ಲಿ ಬತ್ತಿ ಬಂಡೆಗಳು ಮೇಲೆದ್ದ ಹೊಳೆಯನ್ನು. ಹೊಳೆಯನ್ನು ಬಿಟ್ಟರೆ ಆ ದಿನದ ಕಥೆಯು ಅರ್ಥವಾಗದು.

ಎರಡನೆಯದಾಗಿ, ಊರೆಂದರೆ ಒಬ್ಬ ದೊರೆಯಲ್ಲ. ರಾಜ ಒಡೆಯರು 1610ರಲ್ಲಿ ಈ ಕೋಟೆಯನ್ನು ಪಡೆದ ಮೇಲೆ ಸುಮಾರು 190 ವರ್ಷಕಾಲ ಇದು ರಾಜಧಾನಿಯಾಗಿದ್ದಿತು. ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದುದು ಆ ಕಾಲದಲ್ಲಿಯೇ. ಕಾವೇರಿಯ ನೀರನ್ನು ಕಾವೇರಿಯ ಮೇಲೆಯೇ ಮೇಲ್ಗಾಲುವೆಯಲ್ಲಿ ಹಾಯಿಸಿ ದ್ವೀಪಕ್ಕೆ ತರುವ ಬಂಗಾರದೊಡ್ಡಿ ನಾಲೆಯು ಟಿಪ್ಪುವಿಗಿಂತ ಹಳೆಯದು. ಟಿಪ್ಪುವಿನ ಆಳಿಕೆಯಲ್ಲಿಯೂ ಊರಿನ ಬದುಕು ಬದಲಾಯಿತು. ಗಂಜಾಮನ್ನು ತುಂಬಲು ಶಿರೆಯ ಕಡೆಯ ಕುಟುಂಬಗಳನ್ನು ಕರೆತರಲಾಯಿತು. ನೆಲವನ್ನು ಬಿಟ್ಟುಬಂದ ಆ ಜನರ ಮನಸ್ಸು ಹೇಗಿದ್ದಿತೆಂಬುದು ನಾಟಕಕ್ಕೆ ಯೋಗ್ಯವಾದ ವಸ್ತುವಲ್ಲವೇ?

ಧಾರಾವಾಹಿಯು ಮುಗಿದ ತರುವಾಯ ಒಂದು ದಿನ ತರಗತಿಯಲ್ಲಿ, “1799ರ ಮೇ 5ರಂದು ನಮ್ಮ ಊರಿನಲ್ಲಿ ಏನಾಯಿತು?” ಎಂದು ಕೇಳಿದೆನು. ಹುಡುಗನೊಬ್ಬನು ಎದ್ದು, “ಏನೂ ಇಲ್ಲ ಮೇಷ್ಟ್ರೇ, ಅಲ್ಲಿಗೆ ಮುಗೀತಲ್ಲ” ಎಂದನು. ಎಲ್ಲರೂ ನಕ್ಕರು, ನಾನೂ ನಕ್ಕೆನು. ಸಂಜೆ ಮನೆಗೆ ಹೋಗುವಾಗ ಆ ನಗೆಯು ಉಳಿಯಲಿಲ್ಲ. ನನ್ನ ಪಾಠವೂ ವರ್ಷವರ್ಷವೂ ಮೇ 4ಕ್ಕೇ ಮುಗಿಯುತ್ತಿದ್ದಿತು! ಧಾರಾವಾಹಿಯವರು ಮಾಡಿದ ತಪ್ಪನ್ನು ಅವರಿಗಿಂತ ಮೊದಲೇ ನಾನು ಮಾಡಿದ್ದೆನು.

ಮರುದಿನ ಮೇ 5ರಿಂದ ಪಾಠವನ್ನು ತೊಡಗಿದೆನು. 4ರ ರಾತ್ರಿಯೆಲ್ಲ ಊರು ಸೂರೆಹೋಯಿತು. ಮರುದಿನ ಟಿಪ್ಪುವನ್ನು ಗುಂಬಜಿನಲ್ಲಿ ತಂದೆತಾಯಿಗಳ ಪಕ್ಕದಲ್ಲಿ ಮಣ್ಣುಮಾಡಿದರು. ಆರ್ಥರ್ ವೆಲ್ಲೆಸ್ಲಿಯು ಕೊಳ್ಳೆಗಾರರಲ್ಲಿ ಕೆಲವರನ್ನು ನೇಣಿಗೇರಿಸಿದ ಮೇಲೆ ಸೂರೆಯು ನಿಂತಿತು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದುದು ಮೈಸೂರಿನಲ್ಲಿ. ರಾಜಧಾನಿಯು ಅತ್ತ ಹೊರಟುಹೋಯಿತು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಬುಕಾನನ್ನನು ಅಂದಾಜು ಮಾಡಿದನು. ಅವನು 1800ರಲ್ಲಿ ಬಂದು ನೋಡುವಾಗ ಉಳಿದಿದ್ದವರು ಸುಮಾರು 32 ಸಾವಿರ. ಚಳಿಜ್ವರದ ಹಾವಳಿಯಿಂದ 1809ರಲ್ಲಿ ಆಂಗ್ಲರ ದಂಡೂ ಬೆಂಗಳೂರಿಗೆ ಸಾಗಿತು. ಅರಮನೆಯ ಮರದ ತೊಲೆಗಳು ಘಟ್ಟವನ್ನೇರಿ ಉದಕಮಂಡಲದ ಇಗರ್ಜಿಯ ಮಾಡಿಗೆ ಸಂದುವು.

ಆದರೂ ಊರು ಸಾಯಲಿಲ್ಲ. ಪೂರ್ಣಯ್ಯನವರ ಆಡಳಿತದಲ್ಲಿ 1804ರಲ್ಲಿ ಹೊಳೆಗೆ ಕಲ್ಲಿನ ಕಂಬಗಳ ಸೇತುವೆಯಾಯಿತು. ಗಂಜಾಮಿನಲ್ಲಿ ನೆಲೆಸಿದ ಪಾದ್ರಿ ದ್ಯುಬುವಾ ಸಿಡುಬಿಗೆ ದೇವಿ ಹಾಕಿಸುವ ಕಾರ್ಯದಲ್ಲಿ ತೊಡಗಿದನು. ರಂಗನಾಥನ ಪೂಜೆಯೂ ಮಸೀದಿಯ ಬಾಂಗೂ ನಡೆದುವು. 1881ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ಬದಲಾಗಿ ಈ ದ್ವೀಪವು ಮೈಸೂರು ಸಂಸ್ಥಾನಕ್ಕೆ ಮರಳಿತು. ಖಡ್ಗದ ಕಥೆಯಲ್ಲಿ ಇವುಗಳಿಗೆ ಎಡೆಯಿಲ್ಲ; ಆದರೆ ಇಲ್ಲಿ ಬಾಳಿದವರ ವಂಶಸ್ಥರಾದ ನಮಗೆ ಇವೇ ಮನೆಯ ಮಾತುಗಳು.

ಮಹಾಶಯರೇ, ಕಿರುತೆರೆಯು ನಮ್ಮ ಊರಿನ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ಕಲಿಸಲಿಲ್ಲವೆಂದು ಕೊರಗಬೇಕಾದುದಿಲ್ಲ. ಅದು ಅವರ ಕರ್ತವ್ಯವಾಗಿರಲಿಲ್ಲ, ನಮ್ಮದಾಗಿದ್ದಿತು. ಅಂದು ಉತ್ತರ ಹೇಳಿದ ಹುಡುಗನು ಈಗ ತಂದೆಯಾಗಿರುವನು. ಹಿಂದಣ ಬೇಸಗೆಯಲ್ಲಿ ಸೇತುವೆಯ ಬಳಿ ತನ್ನ ಮಗಳಿಗೆ ಕಲ್ಲುಕಂಬಗಳನ್ನು ತೋರಿಸಿ 1804ರ ಸಂಗತಿಯನ್ನು ಹೇಳುತ್ತಿದ್ದುದನ್ನು ಕೇಳಿದೆನು. ನಾನು ಹತ್ತಿರ ಹೋಗಲಿಲ್ಲ. ದೂರದಲ್ಲಿಯೇ ನಿಂತು, ಹೊಳೆಯನ್ನು ನೋಡಿ, ಮನೆಗೆ ಬಂದೆನು.