ಎಂ. ಗೌತಮ್ ಕುಮಾರ್: ಬಿಬಿಎಂಪಿಯ ಕೊನೆಯ ಮೇಯರ್

ಬೆಂಗಳೂರಿನ 53ನೇ ಮೇಯರ್ ಆಗಿ ಸೇವೆ ಸಲ್ಲಿಸಿದ ಶ್ರೀ ಎಂ. ಗೌತಮ್ ಕುಮಾರ್ ಅವರು ಜೈನ ಸಮಾಜಕ್ಕೆ ಸೇರಿದವರು. 2019ರ ಅಕ್ಟೋಬರ್ 1ರಿಂದ 2020ರ ಸೆಪ್ಟೆಂಬರ್ 10ರವರೆಗೆ ಅವರು ನಗರದ ಪ್ರಥಮ ಪ್ರಜೆಯಾಗಿದ್ದರು. ಅವರ ನಂತರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಮತ್ತೊಬ್ಬ ಮೇಯರ್ ಬರಲೇ ಇಲ್ಲ.

ವಾರ್ಡಿನಿಂದ ಆರಂಭ

ಗೌತಮ್ ಕುಮಾರ್ ಅವರು ಭಾರತೀಯ ಜನತಾ ಪಕ್ಷದಿಂದ ಜೋಗುಪಾಳ್ಯ ವಾರ್ಡಿಗೆ ಎರಡು ಬಾರಿ ಆಯ್ಕೆಯಾದವರು. ಶಾಂತಿನಗರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಈ ವಾರ್ಡ್ ಹಲಸೂರಿಗೆ ಹೊಂದಿಕೊಂಡಿದೆ. ಹಳೆಯ ದಂಡು ಪ್ರದೇಶದ ಈ ಭಾಗದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಮಾತನಾಡುವವರೆಲ್ಲ ಅಕ್ಕಪಕ್ಕದಲ್ಲೇ ಇದ್ದಾರೆ. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ ಮಾತ್ರ, ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಇಂಥ ಕಡೆ ಸಮಾಜದ ಮತಗಳನ್ನು ಮಾತ್ರ ನಂಬಿಕೊಂಡು ಯಾರೂ ಗೆಲ್ಲಲಾಗದು. ಕಾರ್ಪೊರೇಟರ್ ಆದವರು ನೀರು, ಚರಂಡಿ, ಕಸ, ಬೀದಿದೀಪಗಳ ವಿಷಯದಲ್ಲಿ ಎಲ್ಲ ಸಮುದಾಯದ ಮನೆಗಳಿಗೂ ಉತ್ತರ ಹೇಳಬೇಕು.

ಮೇಯರ್ ಚುನಾವಣೆ

2015ರ ಪಾಲಿಕೆ ಚುನಾವಣೆಯಲ್ಲಿ 198 ವಾರ್ಡ್‌ಗಳ ಪೈಕಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಹಾಗೂ ಇತರರು 8 ಸ್ಥಾನ ಗಳಿಸಿದ್ದರು. ಆದರೆ ಮೇಯರ್ ಚುನಾವಣೆಯಲ್ಲಿ ಕಾರ್ಪೊರೇಟರ್‌ಗಳ ಜೊತೆಗೆ ನಗರದ ಶಾಸಕರು, ಸಂಸದರು ಮತ್ತು ವಿಧಾನ ಪರಿಷತ್ ಸದಸ್ಯರಿಗೂ ಮತದಾನದ ಹಕ್ಕಿತ್ತು. ಹೀಗಾಗಿ ಅತಿ ದೊಡ್ಡ ಪಕ್ಷವಾಗಿದ್ದರೂ ಬಿಜೆಪಿ ನಾಲ್ಕು ವರ್ಷ ವಿರೋಧ ಪಕ್ಷದಲ್ಲೇ ಕೂರಬೇಕಾಯಿತು. ಆ ಅವಧಿಯಲ್ಲಿ ಮಂಜುನಾಥ ರೆಡ್ಡಿ, ಜಿ. ಪದ್ಮಾವತಿ, ಆರ್. ಸಂಪತ್ ರಾಜ್ ಮತ್ತು ಗಂಗಾಂಬಿಕೆ ಮಲ್ಲಿಕಾರ್ಜುನ್ ಅವರು ಮೇಯರ್ ಆಗಿದ್ದರು.

2019ರಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾದ ಮೇಲೆ ಪಾಲಿಕೆಯ ಬಲಾಬಲವೂ ಬದಲಾಯಿತು. ಅಕ್ಟೋಬರ್ 1ರ ಚುನಾವಣೆಯಲ್ಲಿ ಗೌತಮ್ ಕುಮಾರ್ 129 ಮತ ಪಡೆದರೆ, ಕಾಂಗ್ರೆಸ್ಸಿನ ಆರ್.ಎಸ್. ಸತ್ಯನಾರಾಯಣ ಅವರಿಗೆ 110 ಮತ ಬಂದವು. ಬೊಮ್ಮನಹಳ್ಳಿಯ ರಾಮಮೋಹನ ರಾಜು ಉಪಮೇಯರ್ ಆದರು.

ಆಯ್ಕೆಯ ಬೆನ್ನಲ್ಲೇ ಮೇಯರ್ ಕನ್ನಡಿಗರೋ ಅಲ್ಲವೋ ಎಂಬ ಚರ್ಚೆ ಸಾಮಾಜಿಕ ಜಾಲತಾಣಗಳಲ್ಲಿ ನಡೆಯಿತು. ಕರ್ನಾಟಕದ ಜೈನರಿಗೆ ಇದು ಯೋಚಿಸಬೇಕಾದ ವಿಷಯ. ಪಂಪ, ಪೊನ್ನ, ರನ್ನರ ಕಾಲದಿಂದ ಕನ್ನಡವನ್ನು ಬೆಳೆಸಿದವರೂ ಈ ಸಮಾಜದವರೇ. ವ್ಯಾಪಾರಕ್ಕೆಂದು ರಾಜಸ್ಥಾನ, ಗುಜರಾತಿನಿಂದ ಬಂದು ತಲೆಮಾರುಗಳಿಂದ ಇಲ್ಲೇ ನೆಲೆಸಿದವರೂ ಈ ಸಮಾಜದವರೇ. ಸಾರ್ವಜನಿಕ ಜೀವನಕ್ಕೆ ಬರುವವರಿಗೆ ನಾಡಿನ ಭಾಷೆಯೇ ಮೊದಲ ಅರ್ಹತೆ ಎಂಬುದನ್ನು ನಮ್ಮ ಮನೆಗಳು ಮರೆಯಬಾರದು.

ಹನ್ನೊಂದು ತಿಂಗಳ ಪರೀಕ್ಷೆ

ಬೆಂಗಳೂರಿನ ಮೇಯರ್ ಅವಧಿ ಆಗ ಒಂದೇ ವರ್ಷ. ಕಾರ್ಯಾಂಗದ ಅಧಿಕಾರ ಆಯುಕ್ತರದು. ಬಜೆಟ್ ಮಂಡಿಸುವವರು ತೆರಿಗೆ ಮತ್ತು ಆರ್ಥಿಕ ಸ್ಥಾಯಿ ಸಮಿತಿಯ ಅಧ್ಯಕ್ಷರು. ಮೇಯರ್ ಕೌನ್ಸಿಲ್ ಸಭೆ ನಡೆಸಬಹುದು, ಸ್ಥಳ ಪರಿಶೀಲಿಸಬಹುದು, ಅಧಿಕಾರಿಗಳನ್ನು ಪ್ರಶ್ನಿಸಬಹುದು. ಜನರ ನಿರೀಕ್ಷೆಯಾದರೋ ಇದಕ್ಕಿಂತ ಬಹಳ ದೊಡ್ಡದು.

ಗೌತಮ್ ಕುಮಾರ್ ಅಧಿಕಾರ ವಹಿಸಿಕೊಂಡ ಎರಡೇ ತಿಂಗಳೊಳಗೆ, 2019ರ ನವೆಂಬರ್ 24ರಂದು, ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ಲಾಕ್‌ಡೌನ್ ನಡುವೆಯೇ ಏಪ್ರಿಲ್ 20ರಂದು ಆರ್ಥಿಕ ಸ್ಥಾಯಿ ಸಮಿತಿ ಅಧ್ಯಕ್ಷ ಎಲ್. ಶ್ರೀನಿವಾಸ್ ಅವರು ಸುಮಾರು 10,900 ಕೋಟಿ ರೂಪಾಯಿಗಳ ಬಜೆಟ್ ಮಂಡಿಸಿದರು. ಜುಲೈನಲ್ಲಿ ಸೋಂಕು ಏರಿದಾಗ ನಗರಕ್ಕೆ ಮತ್ತೆ ಒಂದು ವಾರದ ಲಾಕ್‌ಡೌನ್ ಆಯಿತು. ಅದೇ ತಿಂಗಳು ಆಯುಕ್ತ ಬಿ.ಎಚ್. ಅನಿಲ್ ಕುಮಾರ್ ಅವರ ಜಾಗಕ್ಕೆ ಎನ್. ಮಂಜುನಾಥ ಪ್ರಸಾದ್ ಬಂದರು. ಹೀಗೆ ಅವರ ಅವಧಿಯ ಅರ್ಧದಷ್ಟು ಕೊರೊನಾ ಕಾಲದಲ್ಲೇ ಕಳೆಯಿತು.

ನಂತರ

2020ರ ಸೆಪ್ಟೆಂಬರ್ 10ರಂದು ಕೌನ್ಸಿಲ್ ಅವಧಿ ಮುಗಿದು, ಪಾಲಿಕೆಗೆ ಐಎಎಸ್ ಅಧಿಕಾರಿ ಗೌರವ್ ಗುಪ್ತ ಆಡಳಿತಾಧಿಕಾರಿಯಾಗಿ ನೇಮಕವಾದರು. 2020ರ ಬಿಬಿಎಂಪಿ ಕಾಯ್ದೆ ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಿತು. ಆದರೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳಾದವು.

ಕಾರ್ಪೊರೇಟರ್ ಇಲ್ಲದ ಐದು ವರ್ಷಗಳಲ್ಲಿ ಬೀದಿಯ ಕಷ್ಟ ಹೇಳಿಕೊಳ್ಳಲು ಚುನಾಯಿತ ಸದಸ್ಯರೇ ಇರಲಿಲ್ಲ. ವಾರ್ಡ್ ಸದಸ್ಯತ್ವ ಸಣ್ಣ ಹುದ್ದೆ ಎನ್ನುವವರಿಗೆ ಇದೇ ಉತ್ತರ. ಬಸದಿ, ಗೋಶಾಲೆ, ವಿದ್ಯಾರ್ಥಿನಿಲಯಗಳಿಗೆ ನಮ್ಮ ಸಮಾಜ ಕೈಬಿಚ್ಚಿ ದಾನ ಮಾಡುತ್ತದೆ. ವಾರ್ಡ್ ಸಮಿತಿ, ಪುರಸಭೆ, ಪಾಲಿಕೆಗಳಿಗೆ ಸಮಯ ಕೊಡುವವರು ಕಡಿಮೆ. ಗೌತಮ್ ಕುಮಾರ್ ಅವರ ಮೇಯರ್ ಪದವಿ ಒಂದು ವರ್ಷದ್ದು. ಅದಕ್ಕೆ ದಾರಿಯಾದದ್ದು ಜೋಗುಪಾಳ್ಯದ ಮತದಾರರು ಎರಡು ಬಾರಿ ಇಟ್ಟ ನಂಬಿಕೆ. ಸೇವೆಗೆ ಮುಂದಾಗುವ ಜೈನ ಯುವಕ ಯುವತಿಯರು ಆರಂಭಿಸಬೇಕಾದದ್ದೂ ತಮ್ಮ ವಾರ್ಡಿನಿಂದಲೇ.