ಈಟಾ ಅಕ್ವಿಲೆಯ ಬೆಳಕಿನ ರೇಖೆ: ಹಾನಗಲ್ಲ ಸೀಮೆಯ ವೀಕ್ಷಕರಿಗೊಂದು ಟಿಪ್ಪಣಿ

ಶ್ರವಣ ನಕ್ಷತ್ರದಿಂದ ಎಂಟು ಡಿಗ್ರಿಯಷ್ಟು ದಕ್ಷಿಣಕ್ಕಿರುವ ಈಟಾ ಅಕ್ವಿಲೆ ಸೆಫೀಡ್ ಜಾತಿಯ ಮಿಡಿಯುವ ತಾರೆ. ಹಿಗ್ಗಿ ಕುಗ್ಗುವ ಅದರ ಕಾಂತಿಮಾನ 7.177 ದಿನಗಳ ಆವರ್ತದಲ್ಲಿ 3.5 ಮತ್ತು 4.4ರ ನಡುವೆ ಏರಿಳಿಯುತ್ತದೆ. 1784ರಲ್ಲಿ ಎಡ್ವರ್ಡ್ ಪಿಗಟ್ ಗುರುತಿಸಿದ ಈ ಬದಲಾವಣೆ ಬರಿಗಣ್ಣಿಗೇ ಕಾಣುತ್ತದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ದೂರದರ್ಶಕವಿಲ್ಲದೆಯೂ ಅದರ ರೇಖೆ ಬರೆಯಬಹುದು. ತೊಡಕಿರುವುದು ನೋಡುವ ವೇಳೆಯಲ್ಲಿ.

ತಾರೆ ರಾತ್ರಿಯಿಡೀ ಕಾಣಬೇಕಾದ ಜುಲೈ ನಡುವೆ ಪುನರ್ವಸು, ಪುಷ್ಯ ಮಳೆಗಳ ಕಾಲ. ಮಲೆನಾಡಿನ ಅಂಚಿನ ಹಾನಗಲ್ಲಿನಲ್ಲಂತೂ ಆಗ ಆಕಾಶ ತೆರೆಯುವುದೇ ಅಪರೂಪ. ನೆಚ್ಚಬಹುದಾದದ್ದು ಏಪ್ರಿಲ್–ಮೇ ತಿಂಗಳ ಬೆಳಗಿನ ಜಾವ, ಮತ್ತೆ ಸ್ವಾತಿ ಮಳೆ ಮುಗಿದ ಮೇಲೆ ಡಿಸೆಂಬರ್ ನಡುವಿನವರೆಗಿನ ಸಂಜೆ.

ಸ್ವಾತಿಯ ನಂತರದ ಆ ಆರು ವಾರಗಳಲ್ಲಿ ಭಾನುವಾರ ಮಾತ್ರ ನೋಡುವವರಿಗೆ ಈ ತಾರೆ ಬದಲಾಗುವುದೇ ಇಲ್ಲವೆನಿಸೀತು. ಆವರ್ತ ಏಳು ದಿನಕ್ಕಿಂತ ನಾಲ್ಕು ಗಂಟೆ ಹದಿನಾಲ್ಕು ನಿಮಿಷವಷ್ಟೇ ಹೆಚ್ಚು. ಆರು ವಾರ ಕಳೆದರೂ ಮಿಡಿತದ ಏಳರಲ್ಲೊಂದು ಪಾಲು ಮಾತ್ರ ಕಣ್ಣಿಗೆ ಬೀಳುತ್ತದೆ. ಪೂರ್ತಿ ಸುತ್ತು ಸಿಗಲು ಹೀಗೆ 284 ದಿನ ಬೇಕು.

ದಿನವೂ ಎಂಟಕ್ಕೇ ನೋಡಿದರೆ ಇನ್ನೊಂದು ಮೋಸ. ಆ ಅಂಕಿಗಳಿಗೆ 7.18 ದಿನದಂತೆ 1.16 ದಿನವೂ 0.88 ದಿನವೂ ಹೊಂದುತ್ತವೆ. 1.16ನ್ನು ಬಿಡುವುದು ಸುಲಭ: ಅದರಲ್ಲಿ ರೇಖೆ ಹಿಂದುಮುಂದಾಗಿ ನಿಧಾನ ಏರಿ ಬೇಗ ಇಳಿಯುತ್ತದೆ, ಸೆಫೀಡ್‌ಗಳ ನಡೆ ಇದಕ್ಕೆ ವಿರುದ್ಧ. 0.88ನ್ನು ಅಲ್ಲಗಳೆಯಲು ಮೇ ತಿಂಗಳಲ್ಲಿ ಒಂದೇ ರಾತ್ರಿ ಒಂದೂವರೆಗೂ ನಾಲ್ಕೂವರೆಗೂ ನೋಡಬೇಕು, ಇಂಥ ಹಲವು ರಾತ್ರಿ. 0.88 ನಿಜವಾಗಿದ್ದರೆ ಆ ಮೂರು ತಾಸಿನಲ್ಲಿ ಮಿಡಿತದ ಏಳನೆಯ ಪಾಲು ಸರಿದಿರಬೇಕು; ನಿಜದಲ್ಲಿ ಸರಿಯುವುದು ಶೇ. 2ಕ್ಕಿಂತ ಕಡಿಮೆ.

ನಾಲ್ಕೂ ತಾಲ್ಲೂಕುಗಳವರು ಕೂಡಿ ನೋಡುವುದು ಒಳ್ಳೆಯದೇ. ಹಾನಗಲ್ಲಿನಲ್ಲಿ ಮೋಡವಿದ್ದಾಗ ಸವಣೂರಿನಲ್ಲಿ ಬಯಲಾಗಿರಬಹುದು. ಆದರೆ ಈ ಊರುಗಳ ರೇಖಾಂಶದ ಅಂತರ ಸುಮಾರು ಕಾಲು ಡಿಗ್ರಿ, ಅಂದರೆ ಒಂದು ನಿಮಿಷ. ಹಗಲಿನ ತೆರಪು ಇದರಿಂದ ತುಂಬದು. ಅದಕ್ಕೆ ದೂರದ ರೇಖಾಂಶದವರ ಅಂಕಿಗಳೇ ಬೇಕು.

ಹೋಲಿಕೆಗೆ ಡೆಲ್ಟಾ (3.4), ಬೀಟಾ (3.7), ಐಯೋಟಾ (4.4) ಸಾಕು. ಬೀಟಾ, ಐಯೋಟಾಗಳ ನಟ್ಟನಡುವೆ ಕಂಡರೆ ಈಟಾದ ಕಾಂತಿಮಾನ ಹತ್ತಿರಹತ್ತಿರ 4.05. ಡಿಸೆಂಬರಿನಲ್ಲಿ ಮಾತ್ರ ಎಚ್ಚರ ಬೇಕು: ಡೆಲ್ಟಾ ಪಡುವಣಕ್ಕೆ ಮೊದಲೇ ಇಳಿದು ವಾಯುಮಂಡಲದ ದಪ್ಪ ಪದರದಲ್ಲಿ ಮಂಕಾಗುತ್ತದೆ, ಈಟಾ ಇರುವುದಕ್ಕಿಂತ ಪ್ರಖರವೆಂದು ದಾಖಲಾಗುತ್ತದೆ. ಆದ್ದರಿಂದ ಪ್ರತಿ ನಮೂದಿನ ಪಕ್ಕ ತಾರೆಗಳ ಎತ್ತರವನ್ನೂ ಬರೆದಿಡಬೇಕು.